ಸೀಲಿಂಗ್ ಹಾಕಬೇಡಿ ಸ್ವಾಮಿ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬ ಕಟ್ಟಡದ ಮಾಲೀಕರು ಬರೆದಿದ್ದಾರೆ: "ಬೋಳು ಸ್ಲ್ಯಾಬ್ ತೋರಿಸಿದರೆ ಯಾವ ಕಂಪನಿ ಬರತ್ತೆ? ಫಾಲ್ಸ್ ಸೀಲಿಂಗ್, ಕಾರ್ಪೆಟ್, ಲೈಟು ಎಲ್ಲ ಹಾಕಿಯೇ ಆಫೀಸು ಬಾಡಿಗೆಗೆ ಬಿಡಬೇಕು." ಓದಿ ಮೈ ಉರೀತು. ಇವತ್ತು ನಾನು ಹೇಳೋದು ಒಂದೇ ಮಾತು. ಬಾಡಿಗೆಗೆ ಬರೋರು ಯಾರು ಅಂತ ಗೊತ್ತಾಗೋವರೆಗೆ ಸೀಲಿಂಗ್ ಹಾಕಬೇಡಿ.

ಮೊನ್ನೆ ಒಂದು ಮಹಡಿ ನೋಡೋಕೆ ಹೋಗಿದ್ದೆ. ಹೊಚ್ಚ ಹೊಸದು, ಅಲ್ಲಿ ಒಬ್ಬರೂ ಒಂದು ದಿನ ಕೂತು ಕೆಲಸ ಮಾಡಿಲ್ಲ. ಲಿಫ್ಟ್ ಪಕ್ಕ 600 ಮಿ.ಮೀ. ಚೌಕದ ಸೀಲಿಂಗ್ ಟೈಲುಗಳನ್ನ ಸೊಂಟದೆತ್ತರ ಪೇರಿಸಿಟ್ಟಿದ್ದಾರೆ. ಲೈಟಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇದೆ, ಲೈಟನ್ನೇ ಕಿತ್ತು ಹಾಕಿದ್ದಾರೆ! ಎಲ್ಲಿಗೆ ಹೋಗತ್ತೆ ಇದೆಲ್ಲ ಅಂದೆ. "ಡೆಬ್ರಿಸ್ ಗಾಡಿಗೆ ಸಾರ್" ಅಂದ ಮೇಸ್ತ್ರಿ. ಹೊಟ್ಟೆ ಉರಿಯಲ್ವಾ?

ಯಾಕೆ ಕಿತ್ತರು? ಬಂದ ಕಂಪನಿಗೆ 11 ಮೀಟಿಂಗ್ ರೂಮು ಬೇಕಿತ್ತು. ಪಾರ್ಟಿಷನ್ ಎದ್ದ ಮೇಲೆ ಒಂದೊಂದು ರೂಮಿಗೂ ಅದರದೇ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ನೀರು ಚಿಮ್ಮಿಸೋದು), ಸ್ಮೋಕ್ ಡಿಟೆಕ್ಟರ್ ಬೇಕು, ಎಸಿ ಗಾಳಿ ಬರೋಕೆ ಒಂದು ದಾರಿ, ವಾಪಸ್ ಹೋಗೋಕೆ ಇನ್ನೊಂದು ದಾರಿ ಬೇಕು. ಖಾಲಿ ಹಾಲ್ ಲೆಕ್ಕದಲ್ಲಿ ಕೂರಿಸಿದ್ದು ಯಾವುದೂ ಅದಕ್ಕೆ ಹೊಂದಲ್ಲ. ಹೊಂದೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಸೀಲಿಂಗ್ ಹಾಕಿದವರಿಗೆ ಗೋಡೆ ಎಲ್ಲಿ ಬರತ್ತೆ ಅಂತಾನೇ ಗೊತ್ತಿರಲಿಲ್ಲ!

ಆಫೀಸು ಎಷ್ಟರಮಟ್ಟಿಗೆ ಮುಗಿದಿದೆ ಅನ್ನೋದಕ್ಕೆ ಮೂರು ಹೆಸರಿವೆ. ಲಿಫ್ಟು, ಲಾಬಿ, ಶೌಚಾಲಯ, ಮುಖ್ಯ ಪೈಪು, ಡಕ್ಟು ಇಷ್ಟನ್ನ ಮುಗಿಸಿ ಮಹಡಿ ಖಾಲಿ ಬಿಟ್ಟರೆ ಶೆಲ್ ಅಂಡ್ ಕೋರ್. ಸೀಲಿಂಗು, ಲೈಟು, ರೈಸ್ಡ್ ಫ್ಲೋರು (ಕೆಳಗೆ ಕೇಬಲ್ ಓಡಿಸೋಕೆ ಎತ್ತರಿಸಿದ ನೆಲ) ಸೇರಿದರೆ ಕ್ಯಾಟ್ ಎ, ಅಂದ್ರೆ ಕೆಟಗರಿ ಎ. ರೂಮು, ಪ್ಯಾಂಟ್ರಿ, ಡೆಸ್ಕು ಬಂದರೆ ಕ್ಯಾಟ್ ಬಿ. ನನ್ನ ಜಗಳ ಇರೋದು ನಡುವಿನ ಆ ಕ್ಯಾಟ್ ಎ ಜೊತೆ.

ಇನ್ನೂ ಇದೆ, ಕೇಳಿ. ಎಷ್ಟೋ ಅಗ್ರಿಮೆಂಟ್‌ಗಳಲ್ಲಿ "ಖಾಲಿ ಮಾಡುವಾಗ ಮೊದಲಿದ್ದ ಹಾಗೆ ಮಾಡಿಕೊಡಬೇಕು" ಅಂತ ಒಂದು ಸಾಲು ಇರತ್ತೆ. ಅಂದ್ರೆ ಹೋಗುವವರು ರೂಮೆಲ್ಲ ಒಡೆದು ಮತ್ತೆ ಅದೇ ಸೀಲಿಂಗ್ ಹಾಕಬೇಕು. ಆಮೇಲೆ ಬರೋರು ಮತ್ತೆ ಕೀಳ್ತಾರೆ! ಬಾಡಿಗೆದಾರರೇ, ಸೈನ್ ಹಾಕೋ ಮುಂಚೆ ಆ ಸಾಲನ್ನ ಹುಡುಕಿ.

"ಬ್ರೋಕರ್ ಹಾಕ್ಸಿ ಅಂದ್ರು" ಅಂತೀರಾ? ಬ್ರೋಕರ್ ದುಡ್ಡು ಕೊಡ್ತಾರಾ? ತೋರಿಸಲೇಬೇಕು ಅಂದ್ರೆ ಒಂದೇ ಒಂದು ಮಹಡಿ ಮಾಡಿ ತೋರಿಸಿ. ಮಿಕ್ಕ ಸೀಲಿಂಗ್ ದುಡ್ಡನ್ನ ಬರೋ ಕಂಪನಿಯ ಫಿಟ್‌ಔಟ್ ಖರ್ಚಿಗೆ (ಅಂದ್ರೆ ಒಳಗಿನ ರೂಮು, ಲೈಟಿನ ಕೆಲಸಕ್ಕೆ) ಕೊಡಿ, ಇಲ್ಲ ಅಂದ್ರೆ ಕೆಲವು ತಿಂಗಳು ಬಾಡಿಗೆ ತಗೋಬೇಡಿ. ಎರಡು ಮೂರು ವರ್ಷಕ್ಕೆ ಬರೋ ಸಣ್ಣ ಕಂಪನಿಗಾ? ಹಾಗಾದ್ರೆ ಡೆಸ್ಕು, ಕೇಬಲ್ಲು ಸಮೇತ ಪೂರ್ತಿ ರೆಡಿ ಮಾಡಿ ಕೊಡಿ, ಬಾಡಿಗೆಯಲ್ಲಿ ವಸೂಲಿ ಮಾಡ್ಕೊಳ್ಳಿ. ಅರ್ಧಂಬರ್ಧ ಮಾತ್ರ ಬೇಡ.

ಸಬ್‌ಸ್ಕ್ರೈಬ್ ಆಗಿ, ಈ ವಿಡಿಯೋನ ನಿಮ್ಮ ಬಿಲ್ಡಿಂಗ್ ಓನರಿಗೆ ಕಳಿಸಿ. ಇವತ್ತೇ ಕಳಿಸಿ. ಟೈಲ್ ಆರ್ಡರ್ ಹೋಗಿದ್ರೆ ಫೋನ್ ಮಾಡಿ ನಿಲ್ಲಿಸೋಕೆ ಹೇಳಿ. ಹಾಕಬೇಡಿ ಸ್ವಾಮಿ, ಹಾಕಲೇಬೇಡಿ!