ಬೆಂಗಳೂರಲ್ಲಿ ಈಗ ಟೈಮೆಷ್ಟು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಮೈಕ್ ಕೇಳಿಸ್ತಿದೆ ತಾನೆ? ಸರಿ. ಐಟಿ ಕಂಪನಿ, ಬೆಂಗಳೂರು ಜೀವನ ಇದ್ರ ಬಗ್ಗೆ ಏನಾದ್ರೂ ಮಾತಾಡಿ ಅಂದ್ರು. ಟ್ರಾಫಿಕ್ಕು, ಬಾಡಿಗೆ, ಬೆಳ್ಳಂದೂರು ಕೆರೆ ನೊರೆ, ಇವನ್ನೆಲ್ಲ ನೀವೇ ನನಗಿಂತ ಚೆನ್ನಾಗಿ ಬೈತೀರಿ, ಅದಕ್ಕೆ ಮೈಕ್ ಯಾಕೆ ಬೇಕು. ನಾನು ಹತ್ತೊಂಬತ್ತು ವರ್ಷದಿಂದ ಟೆಸ್ಟಿಂಗಲ್ಲಿ ಇದೀನಿ, ಅಂದ್ರೆ ಬೇರೆಯವ್ರು ಬರೆದ ಪ್ರೋಗ್ರಾಮಲ್ಲಿ ತಪ್ಪು ಹುಡುಕೋ ಕೆಲಸ, ನಿನಗೆ ಹೇಳಿ ಮಾಡಿಸಿದ ಕೆಲಸ ಅಂತ ಮನೇಲಿ ಆಡ್ಕೋತಾರೆ, ಇರ್ಲಿ. ಆ ಅಭ್ಯಾಸದಲ್ಲೇ ಇವತ್ತು ಒಂದೇ ಒಂದು ತಪ್ಪು ಹಿಡ್ಕೊಂಡು ಬಂದಿದೀನಿ. ಅದು ಟೈಮು.

ನಮ್ಮಪ್ಪ ಜಾಲಹಳ್ಳೀಲಿ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರ್ಕೊಂಡು ಶುರು ಮಾಡಿದ್ದು ಅದು, ಮದುವೆ ಗಂಡಿಗೆ ಎಚ್‌ಎಂಟಿ ವಾಚ್ ಕೊಡದಿದ್ರೆ ಮಾವನ ಮನೆಯವ್ರು ತಲೆ ತಗ್ಗಿಸ್ಬೇಕಾದ ಕಾಲ. ಅಪ್ಪನ ಕೈಲಿರೋದು ಜನತಾ ಅನ್ನೋ ಮಾಡೆಲ್ಲು, ದಿನಾ ಬೆಳಿಗ್ಗೆ ಕೀ ಕೊಡ್ಬೇಕು, ಈಗ್ಲೂ ಕೊಡ್ತಾರೆ. ಆಗ ಸಂಜೆ ಶಿಫ್ಟ್ ಬಿಡೋ ಸೈರನ್ ಹೊಡೆದ್ರೆ ನಮ್ಮಮ್ಮ ಕಾಫಿಗೆ ನೀರಿಡೋರು, ಅಪ್ಪ ಬಂದು ಸೈಕಲ್ ಸ್ಟ್ಯಾಂಡ್ ಹಾಕೋ ಹೊತ್ತಿಗೆ ಸರಿಯಾಗಿ ಡಿಕಾಕ್ಷನ್ ಇಳಿದಿರೋದು. ಸೈರನ್ ಆದ್ಮೇಲೂ ನಿಂತ್ರೆ ಅದಕ್ಕೆ ಓಟಿ ಅಂತ ಹೆಸರಿತ್ತು, ದುಡ್ಡೂ ಇತ್ತು. ಹಂಗಂತ ಅದೇನು ಸ್ವರ್ಗ ಅಂತ ಹೇಳ್ತಿಲ್ಲ, ಕೊನೆಕೊನೇಲಿ ಸಂಬಳ ಸರಿಯಾಗಿ ಬರದೆ ಮನೇಲಿ ಎಷ್ಟು ಮಾತಾಗಿದೆ ನಂಗೊತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಮಕ್ಕಳನ್ನ ಕರ್ಕೊಂಡು ಹೋಗಿ.

ಅಂದ್ರೆ ಇಡೀ ದೇಶಕ್ಕೆ ಟೈಮ್ ಹೇಳಿದ ಊರು ಇದು. ಈಗ ಈ ಊರಿಗೆ ಟೈಮ್ ಹೇಳೋರು ಯಾರು?

1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅನ್ನೋ ಅಮೆರಿಕದ ಚಿಪ್ ಕಂಪನಿ ಇಲ್ಲಿಗೆ ಬಂತು, ಇಲ್ಲಿ ಮಾಡಿದ ಡಿಸೈನ್ ಸ್ಯಾಟಲೈಟ್ ಲಿಂಕಲ್ಲಿ ಅಮೆರಿಕಕ್ಕೆ ಹೋಗೋದು. ಅದಕ್ಕೂ ಮುಂಚೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವ್ರು ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ ಹೊಲಗಳ ಮೇಲೆ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ತೀನಿ ಅಂದಾಗ ಎಷ್ಟು ಜನ ನಂಬಿದ್ರೋ. ಆಮೇಲೆ ಎಲ್ಲ ಬಂದ್ರು. ಇಂಗ್ಲಿಷು, ಕಮ್ಮಿ ಸಂಬಳ, ಇಂಜಿನಿಯರಿಂಗ್ ಕಾಲೇಜು, ಕಾರಣ ಬಹಳ ಹೇಳ್ತಾರೆ, ಆದ್ರೆ ಸೇಲ್ಸಿನೋರು ತಪ್ಪದೆ ಹೇಳ್ತಿದ್ದ ಇನ್ನೊಂದು ಮಾತು ನೀವು ಮಲಗಿರುವಾಗ ನಾವು ಕೆಲಸ ಮಾಡ್ತೀವಿ ಅಂತ. ಚೆನ್ನಾಗೇ ಇತ್ತು. ಕೆಲಸ ನಾವು ಹಗಲಲ್ಲೇ ಮಾಡ್ತಿದ್ವಿ, ಆದ್ರೆ ಮಾಡಿದ ಕೆಲಸದ ಬಗ್ಗೆ ಮಾತಾಡ್ಬೇಕಲ್ಲ, ಅಮೆರಿಕದ ಕ್ಲೈಂಟುಗಳು ಏಳೋದು ನಮ್ಮ ರಾತ್ರಿ ಊಟದ ಹೊತ್ತಿಗೆ. ಅಲ್ಲಿ ಸಿಕ್ಕಾಕೊಂಡ್ವಿ ನೋಡಿ.

ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8 ಅಂದ್ರೆ ನಮಗೆ ರಾತ್ರಿ 8:30, ಬೇಸಿಗೇಲಿ. ಚಳಿಗಾಲದಲ್ಲಿ 9:30. ಯಾಕಂದ್ರೆ ಅವ್ರು ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಸಂಜೆ ಬೆಳಕು ಜಾಸ್ತಿ ಹೊತ್ತು ಸಿಗ್ಲಿ ಅಂತ. ಅರಿಜೋನಾದಲ್ಲಿ ಬಹುಪಾಲು ಕಡೆ ಇದನ್ನ ಮಾಡೋದೇ ಇಲ್ಲ, ಯುರೋಪಿನೋರು ಮಾರ್ಚ್ ಕೊನೇ ಭಾನುವಾರ ಮಾಡ್ತಾರೆ, ಹಂಗಾಗಿ ನಡುವೆ ಎರಡು ಮೂರು ವಾರ ನಮ್ಮ ಆಫೀಸಲ್ಲಿ ಯಾವ ಮೀಟಿಂಗ್ ಯಾವಾಗ ಅಂತ ದೇವರಿಗೂ ಗೊತ್ತಿರಲ್ಲ. ನಾನು ಇದನ್ನ ಅಪ್ಪಂಗೆ ವಿವರಿಸಿದ್ರೆ ಅವ್ರು ಹೇಳಿದ್ದು ಇಷ್ಟೇ: "ಅವ್ರ ಗಡಿಯಾರ ಅವ್ರು ತಿರುಗಿಸ್ಕೊಂಡ್ರೆ ನೀನ್ಯಾಕೋ ತಣ್ಣಗಾದ ಸಾರು ಉಣ್ತೀಯ?"

ಸುಮಾರು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗಳ ಮದುವೆ, ಗಂಡಿನ ಕಡೆಯವ್ರು ಸೋಮವಾರ ರಾತ್ರಿ ರಿಸೆಪ್ಶನ್ ಇಟ್ಕೊಂಡಿದ್ರು, ನವೆಂಬರ್ ಮೊದಲನೇ ವಾರ. ಎರಡನೇ ಪಂಕ್ತಿ, ಎಲೆ ಹಾಕಿದಾರೆ, ಕೋಸಂಬರಿ ಪಲ್ಯ ಬಂದಿದೆ, ದೂರದಲ್ಲಿ ಹೋಳಿಗೆ ಬುಟ್ಟಿ ಕಾಣ್ತಿದೆ, ನಂಗೆ 8:30ಕ್ಕೆ ಅಮೆರಿಕದವ್ರ ಜೊತೆ ಮೀಟಿಂಗು. ಎದ್ದೆ. ಎಲೆ ಮುಂದಿಂದ ಊಟ ಬಿಟ್ಟು ಏಳಬಾರದು ಅಂತ ಪಕ್ಕದಲ್ಲಿದ್ದ ಅಜ್ಜಿಯೊಬ್ರು ಬೈದ್ರು ಕೂಡ. ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ರಾಶಿ ಪಕ್ಕ, ಬದನೆಕಾಯಿ ಮೂಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ, ಒಂದು ಕೈಗೆ ಇನ್ನೂ ಉಪ್ಪಿನಕಾಯಿ ಅಂಟಿದೆ. ಐದು ನಿಮಿಷ, ಹತ್ತು ನಿಮಿಷ, ಯಾರೂ ಬರ್ಲಿಲ್ಲ. ಹಿಂದಿನ ದಿನ ಅಮೆರಿಕ ಗಡಿಯಾರ ಬದಲಾಯಿಸಿತ್ತು, ಕ್ಯಾಲೆಂಡರ್ ನೋಡಿದ್ರೆ ಗೊತ್ತಾಗ್ತಿತ್ತು, ನಾನು ಅಭ್ಯಾಸಬಲದಲ್ಲಿ ಎದ್ದು ಬಂದಿದ್ದೆ. ವಾಪಸ್ ಹೋದ್ರೆ ನನ್ನ ಎಲೆ ಎತ್ತಿದ್ರು, ಮೂರನೇ ಪಂಕ್ತಿಗೆ ಹೋಳಿಗೆ ಖಾಲಿ. 9:30ಕ್ಕೆ ಮತ್ತೆ ಅದೇ ಬದನೆಕಾಯಿ ಮೂಟೆ.

ಇದು ನಮ್ಮೊಬ್ರ ಕಥೆ ಆಗಿದ್ರೆ ಸುಮ್ನಿರ್ತಿದ್ದೆ. ಮಾರತ್ತಹಳ್ಳಿ ಹತ್ರ ರಿಂಗ್ ರೋಡಲ್ಲಿ ಒಂದು ಟೀ ಅಂಗಡಿ ಇದೆ, ಅಂಗಡಿಯವ್ರು ಕುಣಿಗಲ್ ಕಡೆಯವ್ರು. ಅವ್ರ ರಾತ್ರಿ ವ್ಯಾಪಾರ ಪೂರ್ತಿ ನಿಂತಿರೋದು ಸಪೋರ್ಟ್ ಶಿಫ್ಟಿನ ಹುಡುಗರು, ಅವ್ರನ್ನ ಕರ್ಕೊಂಡು ಬರೋ ಕ್ಯಾಬ್ ಡ್ರೈವರ್‌ಗಳು, ಗೇಟಿನ ಸೆಕ್ಯೂರಿಟಿಯವ್ರ ಮೇಲೆ. ಶಿಫ್ಟ್ ಒಂದು ಗಂಟೆ ಸರಿದ್ರೆ ಕ್ಯಾಬ್ ಪಿಕಪ್ ಸರಿಯುತ್ತೆ, ಕ್ಯಾಬ್ ಸರಿದ್ರೆ ಟೀ ಸರಿಯುತ್ತೆ. ಮೊದಲ ವರ್ಷ ಅವ್ರಿಗೆ ಇದು ಗೊತ್ತಿರ್ಲಿಲ್ಲ, ಎಂದಿನ ಹೊತ್ತಿಗೆ ಹಾಲು ಕಾಯಿಸಿಟ್ಟು ಕಾದ್ರು, ಯಾರೂ ಬರ್ಲಿಲ್ಲ, ಕಂಪನಿಯೇ ಮುಚ್ಚಿತೇನೋ ಅಂತ ಹೆದರಿದ್ರಂತೆ. ಈಗ ವರ್ಷಕ್ಕೆ ಎರಡು ಸಲ ನನ್ನನ್ನ ಕೇಳ್ತಾರೆ, ಸಾರ್ ಅಮೆರಿಕ ಯಾವತ್ತು? ಅಂತ. ಯುಗಾದಿ ಯಾವತ್ತು ಅಂತ ಕೇಳೋ ಹಂಗೇ.

ಹಬ್ಬದ ಮಾತು ಬಂತಲ್ಲ, ಅದೂ ಹಂಗೇ. ಗೌರಿ ಗಣೇಶ ಬಂದ್ರೆ ಸಾಫ್ಟ್‌ವೇರ್ ರಿಲೀಸ್ ಇರುತ್ತೆ, ಡಿಸೆಂಬರ್ ಕೊನೇ ವಾರ ಆಫೀಸ್ ಖಾಲಿ ಛತ್ರದ ಥರ, ಕಾಫಿ ಮೆಷಿನ್ ಸದ್ದು ಮೂರನೇ ಫ್ಲೋರಿಗೂ ಕೇಳುತ್ತೆ.

ಇದಕ್ಕೆಲ್ಲ ಅಮೆರಿಕನ್ನರನ್ನ ಬೈಯೋದು ಸುಲಭ, ನಾನೂ ತುಂಬಾ ವರ್ಷ ಬೈದೆ. ಹೋದ ವರ್ಷ ನಮ್ಮ ಟೀಮಿಗೆ ರಾಯಚೂರಿಂದ ಒಂದು ಹುಡುಗಿ ಬಂದ್ಲು, ಸೇರಿ ಆರು ತಿಂಗಳೂ ಆಗಿಲ್ಲ. ಒಂದಿನ ಕಾಲ್ ಮುಗಿಯೋ ಹೊತ್ತಿಗೆ ಆ ಕಡೆಯವ್ರಿಗೆ ಸೀದಾ ಹೇಳೇಬಿಟ್ಲು, ನಮ್ಮ ಪೀಜೀಲಿ ರಾತ್ರಿ 9ಕ್ಕೆ ಊಟ ಎತ್ತಿಬಿಡ್ತಾರೆ, ವಾರದಲ್ಲಿ ಎರಡು ದಿನ ಈ ಮೀಟಿಂಗ್ ನಮ್ಮ ಬೆಳಿಗ್ಗೆ 8ಕ್ಕೆ ಇಟ್ಕೊಳ್ಳಬಹುದಾ, ನಿಮಗೆ ಸಂಜೆ 7:30 ಆಗುತ್ತೆ ಅಂತ. ನಾವೆಲ್ಲ ಮ್ಯೂಟಲ್ಲಿ ಉಸಿರು ಬಿಗಿ ಹಿಡ್ಕೊಂಡು ಕೂತ್ವಿ, ನಮ್ಮ ಮ್ಯಾನೇಜರ್ ಮುಖ ನೋಡೋ ಹಂಗಿರ್ಲಿಲ್ಲ. ಆ ಕಡೆಯವ್ರು ಹೇಳಿದ್ದು ಎರಡೇ ಪದ. "ಓ, ಷೂರ್."

ಹನ್ನೊಂದು ವರ್ಷದಿಂದ ಅದೇ ಕ್ಲೈಂಟು ರೀ. ಹನ್ನೊಂದು ವರ್ಷ ನಾವು ಕೇಳೇ ಇರ್ಲಿಲ್ಲ. ಕೇಳಿದ್ರೆ ಪ್ರಾಜೆಕ್ಟ್ ಹೋಗುತ್ತೆ, ಅಪ್ರೈಸಲ್ ಹೋಗುತ್ತೆ ಅಂತ ನಾವೇ ನಾವೇ ಅಂದ್ಕೊಂಡು, ಟೈಮ್ ಕೇಳೋದೇ ದೊಡ್ಡ ಅಪರಾಧ ಅನ್ನೋ ಹಂಗೆ ಇದ್ವಿ. ಎಲ್ಲ ಕಡೆ ಹಿಂಗೇ ಒಪ್ತಾರೆ ಅಂತ ನಾನು ಹೇಳಲ್ಲ, ಪಕ್ಕದ ಟೀಮಲ್ಲಿ ಕೇಳಿದ್ರು, ಆಗಲ್ಲ ಅಂದ್ರು, ಅಷ್ಟೇ, ಯಾರ ಕೆಲಸಾನೂ ಹೋಗ್ಲಿಲ್ಲ. ಈಗ ಮಂಗಳವಾರ, ಗುರುವಾರ ನಾನು ಮನೆಯವ್ರ ಜೊತೆ ಬಿಸಿ ಸಾರು ಉಣ್ತೀನಿ. ಮೊದಲ ಗುರುವಾರ ಅಪ್ಪ ಕೈಲಿರೋ ಜನತಾ ನೋಡ್ಕೊಂಡು, ನನ್ನ ನೋಡಿ, ಹುಷಾರಿಲ್ವೇನೋ ಅಂತ ಕೇಳಿದ್ರು.

ಹೋದ ವಾರ ಟೀ ಅಂಗಡೀಲಿ ಮತ್ತೆ ಆ ಪ್ರಶ್ನೆ ಬಂತು. ಮಾರ್ಚ್ 8 ಅಂದೆ. ಗೋಡೆ ಮೇಲೆ ರಾಹುಕಾಲ, ಏಕಾದಶಿ ಎಲ್ಲ ಇರೋ ಕ್ಯಾಲೆಂಡರ್ ನೇತುಹಾಕಿದಾರೆ, ಅದರಲ್ಲಿ ಬಾಲ್ ಪೆನ್ನಲ್ಲಿ ಅಮೆರಿಕ ಬೇಗ ಅಂತ ಬರ್ಕೊಂಡ್ರು. ಹಂಗೇ ನವೆಂಬರಿಂದೂ ಹೇಳ್ಬಿಡಿ ಸಾರ್ ಅಂದ್ರು, ಮೊದಲ ಭಾನುವಾರ ಅಂದೆ. ಹಾಳೆ ಮಗುಚಿದ್ರು. 2026ರಲ್ಲಿ ಅದು ಒಂದನೇ ತಾರೀಖೇ ಬಿದ್ದಿದೆ. ಆ ಚೌಕದಲ್ಲಿ ಕೆಂಪಕ್ಷರದಲ್ಲಿ ಕನ್ನಡ ರಾಜ್ಯೋತ್ಸವ ಅಂತ ಪ್ರಿಂಟ್ ಆಗಿದೆ, ಬರೆಯೋಕೆ ಜಾಗ ಇಲ್ಲ. ಪೆನ್ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿದ್ರು. "ಬಾವುಟ ಕಟ್ಟೋ ದಿನವೇ ಬಂತಲ್ಲ ಸಾರ್," ಅಂದ್ರು, "ಹಾಲು ಸೋಮವಾರದಿಂದ ತಾನೆ ಲೇಟು?"