ಆ ಹುಡುಗಿಯ ಹೆಸರು ಎಲಿಜಬೆತ್

ಎಲ್ಲರಿಗೂ ನಮಸ್ಕಾರ.

ಇನ್ನು ಸ್ವಲ್ಪ ಹೊತ್ತಿಗೆ ಈ ಪರದೆಯ ಮೇಲೆ ‘ದಿ ಬ್ಲ್ಯಾಕ್ ಡೇಲಿಯಾ’ ಶುರುವಾಗುತ್ತದೆ. ಬ್ರಯಾನ್ ಡಿ ಪಾಮಾ ನಿರ್ದೇಶಿಸಿದ 2006ರ ಚಿತ್ರ. 1947ರಲ್ಲಿ ನಿಜಕ್ಕೂ ನಡೆದ ಒಂದು ಕೊಲೆಯ ಸುತ್ತ ಹೆಣೆದದ್ದು. ಬಾಗಿಲಲ್ಲಿ ಸಿಕ್ಕ ನಾಲ್ಕೈದು ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. “ಕೊಂದವರು ಯಾರು ಅಂತ ಕೊನೆಗೆ ತೋರಿಸ್ತಾರಾ ಸಾರ್?”

ಈ ಚಿತ್ರ ಬರುತ್ತದೆ ಅಂತ ಕೇಳಿದಾಗ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಕಾದಿದ್ದೆ. ತುಂಬಾ ಕಾಯಿಸಿದ ಚಿತ್ರ ಇದು. ಮೊದಲು ಡೇವಿಡ್ ಫಿಂಚರ್ ಮಾಡುತ್ತಾರೆ ಅಂತಿತ್ತು. ಅವರು ಬಿಟ್ಟರು, ಡಿ ಪಾಮಾ ಬಂದರು. ಕೊನೆಗೆ ವೆನಿಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಆಯಿತು. ಕಾಯುವ ಆ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಓದುತ್ತಾ ನನ್ನ ಪ್ರಶ್ನೆಯೇ ಬದಲಾಗಿಹೋಯಿತು. ಅದನ್ನು ಹೇಳೋಣ ಅಂತಲೇ ಇಲ್ಲಿ ನಿಂತಿದ್ದೇನೆ.

ಡೇಲಿಯಾ ಅಂದರೆ ಬೇರೇನೂ ಅಲ್ಲ, ನಮ್ಮ ಮಲೆನಾಡಿನ ಡೇರೆ ಹೂವು. ಮಳೆಗಾಲ ಬಂತೆಂದರೆ ಅಂಗಳದ ತುಂಬ ಅರಳುತ್ತದಲ್ಲ, ಅದೇ. ಕಪ್ಪು ಬಟ್ಟೆ ತೊಡುತ್ತಿದ್ದ ಒಬ್ಬ ಹುಡುಗಿಗೆ ‘ಕಪ್ಪು ಡೇರೆ’ ಅಂತ ಹೆಸರು ಅಂಟಿತು. ಅದರ ಹಿಂದಿನ ವರ್ಷವಷ್ಟೇ ‘ದಿ ಬ್ಲೂ ಡೇಲಿಯಾ’ ಅನ್ನುವ ಸಿನಿಮಾ ಬಂದಿತ್ತು. ಅಡ್ಡಹೆಸರು ಪತ್ರಿಕೆಗಳಿಗೆ ಚೆನ್ನಾಗಿ ಒಗ್ಗಿತು. ನಿಜವಾದ ಹೆಸರು ಹಿಂದೆ ಸರಿಯಿತು.

ಅವಳ ಹೆಸರು ಎಲಿಜಬೆತ್ ಶಾರ್ಟ್. ಹುಟ್ಟಿದ್ದು ಬಾಸ್ಟನ್‌ನಲ್ಲಿ, ಬೆಳೆದದ್ದು ಹತ್ತಿರದ ಮೆಡ್‌ಫರ್ಡ್‌ನಲ್ಲಿ. 1947ರ ಜನವರಿ 15ರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಲೀಮರ್ಟ್ ಪಾರ್ಕ್ ಬಡಾವಣೆಯ ಒಂದು ಖಾಲಿ ಸೈಟಿನಲ್ಲಿ ಅವಳ ಹೆಣ ಸಿಕ್ಕಿತು. ಪುಟ್ಟ ಮಗಳನ್ನು ಕರೆದುಕೊಂಡು ಹೋಗುತ್ತಿದ್ದ ಒಬ್ಬ ತಾಯಿ ಮೊದಲು ನೋಡಿದ್ದು. ಬಟ್ಟೆ ಅಂಗಡಿಯ ಗೊಂಬೆ ಬಿದ್ದಿದೆ ಅಂದುಕೊಂಡಳಂತೆ. ಹೆಣ ಹೇಗಿತ್ತು ಅನ್ನುವುದನ್ನು ನಾನು ಹೇಳುವುದಿಲ್ಲ. ಅದನ್ನು ಹೇಳಿದವರು ಈಗಾಗಲೇ ಜಾಸ್ತಿ ಇದ್ದಾರೆ. ಎಲಿಜಬೆತ್‌ಗೆ ಆಗ ಇಪ್ಪತ್ತೆರಡು ವರ್ಷ.

ಬೆರಳಚ್ಚನ್ನು ತಂತಿಯ ಮೂಲಕ ಎಫ್‌ಬಿಐಗೆ ಕಳಿಸಿದರು. 56 ನಿಮಿಷದಲ್ಲಿ ಯಾರೆಂದು ಗೊತ್ತಾಯಿತು. 1943ರಲ್ಲಿ ಅವಳು ಕ್ಯಾಲಿಫೋರ್ನಿಯಾದ ಒಂದು ಸೈನಿಕ ಶಿಬಿರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಆಗ ಕೊಟ್ಟ ಬೆರಳಚ್ಚು ಕಡತದಲ್ಲಿ ಉಳಿದಿತ್ತು.

ಆಮೇಲೆ ನಡೆದದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಎಕ್ಸಾಮಿನರ್ ಪತ್ರಿಕೆಯವರು ಅವಳ ತಾಯಿ ಫೀಬಿಗೆ ಫೋನ್ ಮಾಡಿದರು. ನಿಮ್ಮ ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಾಳೆ ಅಂದರು. ಪಾಪ, ಆ ತಾಯಿ ಮಗಳ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಬೇಕಾದ ವಿವರ ಸಿಕ್ಕಿದ ಮೇಲೆ ಕೊಲೆಯ ಸುದ್ದಿ ತಿಳಿಸಿದರು. ಒಂದು ನಿಮಿಷ ಯೋಚಿಸಿ. ಫೋನ್ ಹಿಡಿದುಕೊಂಡ ಆ ಕೈಯನ್ನು ಯೋಚಿಸಿ.

ಇನ್ನೊಂದು ಸಂಗತಿ ಇದೆ, ಅದು ನಮ್ಮ ನೆಲಕ್ಕೂ ತಾಗುತ್ತದೆ. ಮ್ಯಾಟ್ ಗಾರ್ಡನ್ ಅನ್ನುವ ವಾಯುಪಡೆಯ ಅಧಿಕಾರಿಯನ್ನು ಎಲಿಜಬೆತ್ ಮದುವೆಯಾಗಬೇಕೆಂದಿದ್ದಳು. ವಿಮಾನ ಅಪಘಾತದಲ್ಲಿ ಗಾಯಗೊಂಡ ಅವರು ಭಾರತದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಪತ್ರ ಬರೆದು ಮದುವೆಯ ಮಾತೆತ್ತಿದರಂತೆ. ಅವಳು ಒಪ್ಪಿದಳು. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿಯಲು ಕೆಲವೇ ದಿನ ಇದ್ದಾಗ, ಇನ್ನೊಂದು ಅಪಘಾತದಲ್ಲಿ ಅವರು ತೀರಿಕೊಂಡರು. ಪತ್ರಿಕೆಗಳು ಕಟ್ಟಿದ ಆ ‘ಕಪ್ಪು ಡೇರೆ’ಯ ಕತೆಯಲ್ಲಿ ಈ ಹುಡುಗಿಗೆ ಜಾಗ ಎಲ್ಲಿತ್ತು?

ತನಿಖೆಗೆ ನೂರಾರು ಪೊಲೀಸರು ಇಳಿದರು. ನಾನೇ ಕೊಂದೆ ಅಂತ ಸುಳ್ಳೇ ಒಪ್ಪಿಕೊಂಡವರು ಹತ್ತಾರು ಜನ. ಅವಳ ಜನನ ಪತ್ರ, ಫೋಟೊ, ವಿಳಾಸದ ಪುಸ್ತಕ ಇದ್ದ ಒಂದು ಲಕೋಟೆ ಪತ್ರಿಕೆಗೇ ಬಂತು. ಬೆರಳಚ್ಚು ಸಿಗದ ಹಾಗೆ ಪೆಟ್ರೋಲಿನಲ್ಲಿ ಒರೆಸಿ ಕಳಿಸಿದ್ದರು. ಕಳಿಸಿದವರ ಗುರುತು ಹಿಡಿಯಲು ಆಗಲಿಲ್ಲ. ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಚಿತ್ರದಲ್ಲಿ ಉತ್ತರ ಇದೆ. ಆದರೆ ಅದು ಕಾದಂಬರಿಯ ಉತ್ತರ. ಜೇಮ್ಸ್ ಎಲ್ರಾಯ್ 1987ರಲ್ಲಿ ಬರೆದ ಕಾದಂಬರಿ ಈ ಚಿತ್ರಕ್ಕೆ ಆಧಾರ. ಎಲ್ರಾಯ್‌ಗೆ ಹತ್ತು ವರ್ಷವಾಗಿದ್ದಾಗ, 1958ರಲ್ಲಿ, ಅವರ ತಾಯಿಯ ಕೊಲೆಯಾಯಿತು. ಆ ಕೊಲೆಗಾರನೂ ಸಿಗಲಿಲ್ಲ. ಪುಸ್ತಕವನ್ನು ತಾಯಿಗೇ ಅರ್ಪಿಸಿದ್ದಾರೆ. ಅಂಥ ಮನುಷ್ಯ ಕತೆಯಲ್ಲಾದರೂ ಒಂದು ಉತ್ತರ ಕಟ್ಟಿಕೊಂಡರೆ ನನಗೆ ಅರ್ಥವಾಗುತ್ತದೆ. ನಾವು ಮಾತ್ರ ಅದನ್ನು ನಿಜ ಅಂದುಕೊಂಡು ಮನೆಗೆ ಹೋಗಬಾರದು, ಅಲ್ವಾ?

ನಾನು ಅವತ್ತು ಚಿತ್ರಮಂದಿರದಲ್ಲಿ ಕಾದದ್ದು ಎಲಿಜಬೆತ್ ಯಾವಾಗ ಬರುತ್ತಾಳೆ ಅಂತ. ಬರುತ್ತಾಳೆ. ಮಿಯಾ ಕಿರ್ಷನರ್ ಆ ಪಾತ್ರ ಮಾಡಿದ್ದಾರೆ. ಸಿನಿಮಾದಲ್ಲಿ ಅವಕಾಶ ಕೇಳಿಕೊಂಡು ಕ್ಯಾಮೆರಾ ಮುಂದೆ ಕೂತ ಹುಡುಗಿಯ ಕೆಲವು ಕಪ್ಪು-ಬಿಳುಪು ತುಣುಕುಗಳು. ಅವೂ ಕಲ್ಪನೆಯೇ. ಆದರೂ ಅಲ್ಲಿ ಅವಳು ಉಸಿರಾಡುತ್ತಾಳೆ, ಮಾತಾಡುತ್ತಾಳೆ. ಚಿತ್ರದ ಉಳಿದ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಗೋಜಲು ಜಾಸ್ತಿ. ಆ ತುಣುಕುಗಳು ಮಾತ್ರ ಇನ್ನೂ ಕಣ್ಣಲ್ಲಿವೆ.

ಓಕ್‌ಲೆಂಡ್‌ನ ಮೌಂಟನ್ ವ್ಯೂ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಕಲ್ಲಿನ ಮೇಲೆ ಅವಳ ಹೆಸರು, ಎರಡು ತಾರೀಕು, ಜೊತೆಗೆ ‘ಮಗಳು’ ಅನ್ನುವ ಒಂದು ಪದ. ಅಷ್ಟೇ.

ಎರಡು ಗಂಟೆಯ ಚಿತ್ರ. ಮುಗಿದ ಮೇಲೆ ಯಾರೂ ತಕ್ಷಣ ಎದ್ದು ಹೋಗಬೇಡಿ. ಹಿಂದೆ ಚಹಾ ಇದೆ, ಕೂತು ಮಾತಾಡೋಣ. ಮೊದಲ ಮಾತು ಎಲಿಜಬೆತ್ ಬಗ್ಗೆ ಇರಲಿ. ದೀಪ ಆರಿಸಬಹುದು.