1861: ಒಂದು ವರ್ಷ, ಒಂದು ಹತ್ತಿಯ ಎಳೆ

ಎಲ್ಲರಿಗೂ ನಮಸ್ಕಾರ. ಹಿರಿಯರೇ, ಮೇಷ್ಟ್ರುಗಳೇ, ಮುಂದಿನ ಸಾಲಿನಲ್ಲಿ ನೋಟ್ ಬುಕ್ ತೆರೆದು ಕೂತಿರುವ ಮಕ್ಕಳೇ. ಸಂಘದವರು ನನಗೆ ಕೊಟ್ಟಿರುವ ವಿಷಯ "1861ರ ಜಗತ್ತು: ಘಟನೆಗಳು ಮತ್ತು ಜನನಗಳು". ಕೊಟ್ಟಿರುವ ಸಮಯ ಮುಕ್ಕಾಲು ಗಂಟೆ. ಒಂದು ಇಡೀ ವರ್ಷಕ್ಕೆ ಇದು ಸಾಲುವುದಿಲ್ಲ, ಆದ್ದರಿಂದ ಪೀಠಿಕೆ ಬಿಟ್ಟು ಶುರು ಮಾಡುತ್ತೇನೆ.

ಮೊದಲು ಪಟ್ಟಿ ಹೇಳಿಬಿಡುತ್ತೇನೆ. ಮೇ 6ಕ್ಕೆ ಮೋತಿಲಾಲ್ ನೆಹರು ಹುಟ್ಟಿದರು. ಮರುದಿನ, ಮೇ 7ಕ್ಕೆ, ರವೀಂದ್ರನಾಥ ಟ್ಯಾಗೋರ್. ಆಗಸ್ಟ್ 2ಕ್ಕೆ ರಸಾಯನಶಾಸ್ತ್ರದ ಪ್ರಫುಲ್ಲಚಂದ್ರ ರಾಯ್. ಸೆಪ್ಟೆಂಬರ್ 24ಕ್ಕೆ ಮೇಡಂ ಭಿಕಾಜಿ ಕಾಮಾ. ಅಕ್ಟೋಬರ್ 10ಕ್ಕೆ ನಾರ್ವೆಯಲ್ಲಿ ಧ್ರುವ ಪ್ರದೇಶದ ಅನ್ವೇಷಕ ನಾನ್ಸೆನ್. ಡಿಸೆಂಬರ್ 25ಕ್ಕೆ ಮದನಮೋಹನ ಮಾಳವೀಯ. ನಮ್ಮ ವಿಶ್ವೇಶ್ವರಯ್ಯನವರ ಹೆಸರು ಕೇಳುತ್ತೀರಿ, ಗೊತ್ತು. ಸೆಪ್ಟೆಂಬರ್ 15 ಸರಿ. ವರ್ಷ ಕೆಲವು ಕಡೆ 1861 ಅಂತಿದೆ, ಕೆಲವು ಕಡೆ 1860. ಅವರ ಶತಮಾನೋತ್ಸವ ನಡೆದದ್ದು, ಅಂಚೆ ಚೀಟಿ ಬಂದದ್ದು 1960ರಲ್ಲಿ. ಆಗ ಅವರೇ ಬದುಕಿದ್ದರು. ತಮ್ಮ ಶತಮಾನೋತ್ಸವವನ್ನು ತಾವೇ ನೋಡಿದ ಮನುಷ್ಯ! ಹಾಗಾಗಿ ಅವರನ್ನು ಇವತ್ತು 1860ಕ್ಕೇ ಬಿಟ್ಟುಕೊಡೋಣ.

ಈ ಪಟ್ಟಿ ಯಾವ ಕ್ವಿಜ್ ಪುಸ್ತಕದಲ್ಲಾದರೂ ಸಿಗುತ್ತದೆ. ಮಕ್ಕಳು ಗಟ್ಟಿ ಮಾಡುತ್ತಾರೆ, ಬಹುಮಾನವೂ ತರುತ್ತಾರೆ. ಒಳ್ಳೆಯದೇ. ಆದರೆ ನಾವು ಇತಿಹಾಸ ಅಂತ ಕಲಿಸುತ್ತಿರುವುದು ಇಷ್ಟೇ ಆಗಿಬಿಟ್ಟಿದೆಯಲ್ಲ, ಅದು ನನಗೆ ಬಹಳ ಸಂಕಟ ಕೊಡುತ್ತದೆ. ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಸಾಲು ಇರುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಏನು ಸಂಬಂಧ ಅಂತ ಯಾರೂ ಕೇಳುವುದಿಲ್ಲ. ಇವತ್ತು ನಾನು ಕೇಳುವುದು ಅದೊಂದೇ ಪ್ರಶ್ನೆ.

ರಷ್ಯಾದಿಂದ ಹೊರಡೋಣ. ಮಾರ್ಚ್ 3ರಂದು ಎರಡನೇ ಅಲೆಕ್ಸಾಂಡರ್ ಜೀತ ತೆಗೆದುಹಾಕುವ ಘೋಷಣೆಗೆ ಸಹಿ ಹಾಕಿದ. ಅವರ ಹಳೆಯ ಕ್ಯಾಲೆಂಡರ್ ಪ್ರಕಾರ ಫೆಬ್ರವರಿ 19. ಜಮೀನ್ದಾರರ ಕೈಕೆಳಗಿದ್ದ ಸುಮಾರು 2 ಕೋಟಿ 30 ಲಕ್ಷ ರೈತರಿಗೆ ಬಿಡುಗಡೆ. ಮರುದಿನ, ಮಾರ್ಚ್ 4ಕ್ಕೆ, ಅಮೆರಿಕದಲ್ಲಿ ಲಿಂಕನ್ ಅಧ್ಯಕ್ಷರಾಗಿ ಪ್ರಮಾಣ ಮಾಡಿದರು. ಆ ದಿನದ ಭಾಷಣದಲ್ಲಿ ಅವರು ಏನು ಹೇಳಿದರು ಗೊತ್ತಾ? ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ನಾನು ಅದಕ್ಕೆ ಕೈ ಹಾಕುವುದಿಲ್ಲ ಅಂತ. ಒಂದು ದಿನದ ಅಂತರ. ಅಲ್ಲಿ ಚಕ್ರವರ್ತಿ ಬಿಡಿಸುತ್ತಾನೆ, ಇಲ್ಲಿ ಜನ ಆರಿಸಿದ ಅಧ್ಯಕ್ಷ ಮುಟ್ಟುವುದಿಲ್ಲ ಅನ್ನುತ್ತಾರೆ. ಪಟ್ಟಿ ಓದಿದವರಿಗೆ ರಷ್ಯಾ ಮುಂದಿದೆ ಅನಿಸುತ್ತದೆ.

ಅಲ್ಲೇ ನಿಲ್ಲಬಾರದು. ಸಹಿ ಆದ ಘೋಷಣೆಯನ್ನು ಜನರಿಗೆ ಓದಿ ಹೇಳಿದ್ದು ಎರಡು ವಾರ ಬಿಟ್ಟು, ಮಾರ್ಚ್ 17ರ ಭಾನುವಾರ, ಚರ್ಚುಗಳಲ್ಲಿ. ಗಲಾಟೆ ಆದೀತು ಅನ್ನುವ ಭಯ. ಯಾಕೆ ಭಯ? ರೈತನಿಗೆ ಬಿಡುಗಡೆ ಸಿಕ್ಕಿತು, ಭೂಮಿ ಪುಕ್ಕಟೆ ಸಿಗಲಿಲ್ಲ. ತಾತ ಮುತ್ತಾತನ ಕಾಲದಿಂದ ಉತ್ತಿದ ನೆಲಕ್ಕೆ 49 ವರ್ಷ ಕಂತು ಕಟ್ಟಬೇಕು. ಕಜಾನ್ ಪ್ರಾಂತ್ಯದಲ್ಲಿ ಬೆಜ್ದ್ನಾ ಅಂತ ಒಂದು ಹಳ್ಳಿ. ಅಲ್ಲಿ ಆಂಟನ್ ಪೆಟ್ರೋವ್ ಅನ್ನುವ ರೈತನಿಗೆ ಅಷ್ಟಿಷ್ಟು ಓದು ಬರುತ್ತಿತ್ತು. ಕಾನೂನಿನ ಪುಸ್ತಕ ಓದಿ, ನಿಜವಾದ ಬಿಡುಗಡೆ ಇದರೊಳಗೆ ಬರೆದಿದೆ, ಯಜಮಾನರು ಮುಚ್ಚಿಟ್ಟಿದ್ದಾರೆ ಅಂದ. ಸುತ್ತಲಿನ ಸಾವಿರಾರು ಜನ ಅವನ ಮಾತು ಕೇಳಲು ಸೇರಿದರು. ಏಪ್ರಿಲ್‌ನಲ್ಲಿ ಸೈನಿಕರು ಬಂದು ಗುಂಡು ಹಾರಿಸಿದರು. ಪೆಟ್ರೋವ್‌ನನ್ನೂ ಕೊಂದರು. ಕ್ವಿಜ್ ಪುಸ್ತಕದಲ್ಲಿ ಚಕ್ರವರ್ತಿ ಇದ್ದಾನೆ, ಪೆಟ್ರೋವ್ ಇಲ್ಲ.

ಅಂದಹಾಗೆ ಆ ಮಾರ್ಚ್ 17ರಂದೇ ಇಟಲಿ ಒಂದು ರಾಜ್ಯ ಅಂತ ಘೋಷಣೆಯಾಯಿತು. ಅದಕ್ಕೂ ರಷ್ಯಾಕ್ಕೂ ಸಂಬಂಧ ಇಲ್ಲ. ಎಲ್ಲ ಸಾಲುಗಳಿಗೂ ಸಂಬಂಧ ಇದ್ದೇ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೇಳಿ ನೋಡಬೇಕು ಅಂತಷ್ಟೇ.

ಈಗ ಅಮೆರಿಕ. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ನಾವು ಬೇರೆ ದೇಶ ಅಂತ ಹೊರಟಿದ್ದವು. ಏಪ್ರಿಲ್ 12ಕ್ಕೆ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿ ಹಾರಿತು, ಉತ್ತರ ದಕ್ಷಿಣಗಳ ಅಂತರ್ಯುದ್ಧ ಶುರುವಾಯಿತು. ಇದು ನಿಮಗೆಲ್ಲ ಗೊತ್ತು. ನಾನು ಹೇಳಬೇಕು ಅಂತ ಬಂದಿರುವುದು ಮೇ 23ರ ರಾತ್ರಿಯ ಕಥೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ವರ್ಜೀನಿಯಾದ ಕಡಲ ತೀರದಲ್ಲಿ ಮನ್ರೋ ಕೋಟೆ. ಸುತ್ತ ದಕ್ಷಿಣದವರ ನೆಲ, ಕೋಟೆ ಮಾತ್ರ ಉತ್ತರದವರ ಕೈಯಲ್ಲಿ. ಎದುರು ದಡದಲ್ಲಿ ದಕ್ಷಿಣದವರು ಫಿರಂಗಿ ಕಟ್ಟೆ ಕಟ್ಟುತ್ತಿದ್ದರು. ಮಣ್ಣು ಹೊರುತ್ತಿದ್ದವರು ಗುಲಾಮರು. ಅವರಲ್ಲಿ ಮೂವರು ಆ ರಾತ್ರಿ ದೋಣಿ ಹಾಕಿಕೊಂಡು ಕೋಟೆಗೆ ಬಂದರು. ಫ್ರಾಂಕ್ ಬೇಕರ್, ಜೇಮ್ಸ್ ಟೌನ್ಸೆಂಡ್, ಶೆಪರ್ಡ್ ಮ್ಯಾಲರಿ. ಅವರನ್ನು ಇನ್ನೂ ದೂರ ಸಾಗಿಸುವ ಮಾತು ನಡೆದಿತ್ತು, ಹೆಂಡತಿ ಮಕ್ಕಳಿಂದ ದೂರ. ಆಗಿನ ಕಾನೂನು ಏನು? ಓಡಿ ಬಂದ ಗುಲಾಮನನ್ನು ಯಜಮಾನನಿಗೆ ವಾಪಸ್ ಕೊಡಬೇಕು. ಹಾಗಾಗಿ ಕೋಟೆಯ ಬಾಗಿಲು ತಟ್ಟಿದ ಮೂವರಿಗೂ ಒಳಗೆ ಏನು ಕಾದಿದೆ ಅಂತ ಗೊತ್ತಿರಲಿಲ್ಲ.

ಕೋಟೆಯ ಅಧಿಕಾರಿ ಜನರಲ್ ಬಟ್ಲರ್. ಸೈನಿಕನಾಗುವ ಮುಂಚೆ ವಕೀಲ. ಮರುದಿನವೇ ಯಜಮಾನನ ಕಡೆಯ ಮೇಜರ್ ಒಬ್ಬ ಬಿಳಿ ಬಾವುಟ ಹಿಡಿದು ಬಂದ. ನಿಮ್ಮ ದೇಶದ ಕಾನೂನು ಇದೆಯಲ್ಲ, ನಮ್ಮವರನ್ನು ಕೊಡಿ ಅಂದ. ಬಟ್ಲರ್ ಹೇಳಿದ್ದು ಇಷ್ಟು: ನೀವೇ ಹೇಳುತ್ತೀರಿ ವರ್ಜೀನಿಯಾ ಈಗ ಬೇರೆ ದೇಶ ಅಂತ, ಬೇರೆ ದೇಶಕ್ಕೆ ನಮ್ಮ ಕಾನೂನು ಹೇಗೆ ಅನ್ವಯಿಸುತ್ತದೆ? ಯುದ್ಧಕ್ಕೆ ಬಳಸುವ ಶತ್ರುವಿನ ಆಸ್ತಿಯನ್ನು ನಾನು ಜಪ್ತಿ ಮಾಡಬಹುದು, ಮಾಡಿದ್ದೇನೆ. ನೋಡಿ, ಮನುಷ್ಯರನ್ನು ಆಸ್ತಿ ಅಂತ ಒಪ್ಪಿಕೊಂಡೇ ಅವರನ್ನು ಉಳಿಸಿದ ವಾದ ಅದು. ಕೇಳಲು ಕಹಿ. ಆದರೂ ಆ ಮೂವರು ವಾಪಸ್ ಹೋಗಲಿಲ್ಲ. ಸುದ್ದಿ ಹೊಲದಿಂದ ಹೊಲಕ್ಕೆ ಹರಡಿತು. ಕೆಲವೇ ದಿನದಲ್ಲಿ ಹತ್ತಾರು ಜನ, ಬೇಸಿಗೆ ಮುಗಿಯುವ ಹೊತ್ತಿಗೆ ನೂರಾರು ಜನ, ಹೆಂಗಸರು, ಕೂಸುಗಳು, ಮುದುಕರು, ಆ ಕೋಟೆಗೆ ಬಂದರು. ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಇದಕ್ಕೆ ಕಾನೂನನ್ನೇ ಮಾಡಬೇಕಾಯಿತು. ಮಾರ್ಚ್‌ನಲ್ಲಿ ಅಧ್ಯಕ್ಷ ಮುಟ್ಟುವುದಿಲ್ಲ ಅಂದದ್ದನ್ನು ಮೇ ತಿಂಗಳಲ್ಲಿ ಮೂವರು ಗುಲಾಮರು ಮುಟ್ಟಿದರು. 1861ರ ದೊಡ್ಡ ಘಟನೆ ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದನ್ನೇ.

ಆಗ ಅಮೆರಿಕದಲ್ಲಿ ಗುಲಾಮರು ಸುಮಾರು 40 ಲಕ್ಷ. ಅವರಲ್ಲಿ ಬಹಳ ಜನ ಮಾಡುತ್ತಿದ್ದದ್ದು ಹತ್ತಿಯ ಕೆಲಸ. ಇಲ್ಲಿಂದ ನಮ್ಮ ಎಳೆ ಸಿಗುತ್ತದೆ, ಗಟ್ಟಿಯಾಗಿ ಹಿಡಿದುಕೊಳ್ಳಿ.

ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಜಾಸ್ತಿ ಅಮೆರಿಕದ್ದು. ಏಪ್ರಿಲ್ 19ಕ್ಕೆ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ದಕ್ಷಿಣದವರೂ ತಾವಾಗಿ ಹತ್ತಿ ತಡೆದರು. ಹತ್ತಿ ಸಿಗದಿದ್ದರೆ ಇಂಗ್ಲೆಂಡು ನಮ್ಮ ಪರ ಬಂದೇ ಬರುತ್ತದೆ ಅನ್ನುವ ಲೆಕ್ಕ. 1861ರಲ್ಲಿ ಗೋದಾಮಿನಲ್ಲಿ ಹಳೆಯ ದಾಸ್ತಾನು ಇತ್ತು, ನಡೆಯಿತು. 1862ರಲ್ಲಿ ಗಿರಣಿಗಳು ನಿಂತವು. ಆ ವರ್ಷದ ಕೊನೆಗೆ ಸುಮಾರು 5 ಲಕ್ಷ ಜನ ಪರಿಹಾರದ ಅನ್ನಕ್ಕೆ ಕೈ ಚಾಚಿದ್ದರು.

ಆಗ ಅವರು ಎಲ್ಲಿಗೆ ನೋಡಿದರು? ನಮ್ಮ ಕಡೆಗೆ. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಭೂಮಿಗೆ. 1840ರ ದಶಕದಿಂದಲೇ ಇಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಹಾಕಿ ನೋಡಿದ್ದರು. ಬೇರೆ ಕಡೆ ಸೋತ ಬೀಜ ಇಲ್ಲಿ ಹಿಡಿಯಿತು. ಪೇಟೆಯಲ್ಲಿ ಅದಕ್ಕೆ ಧಾರವಾಡ-ಅಮೆರಿಕನ್ ಅಂತ ಹೆಸರು. ನಮ್ಮ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು, ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಅಂಡಿಗೆ ತುಂಬಿದ ಎತ್ತಿನ ಗಾಡಿಗಳು ಸಾಲಾಗಿ ಘಟ್ಟ ಇಳಿಯುತ್ತಿದ್ದ ಕಾಲ.

ಆದರೆ ಭಾರತದ ಹತ್ತಿಯ ಬಗ್ಗೆ ಲ್ಯಾಂಕಾಶೈರ್ ನೇಕಾರರ ಪ್ರಾರ್ಥನೆ ಒಂದಿದೆ: "ದೇವರೇ, ಹತ್ತಿ ಕಳಿಸು, ಆದರೆ ಸೂರತ್ ಬೇಡ!" ಭಾರತದ ಹತ್ತಿಯನ್ನೆಲ್ಲ ಅವರು ಸೂರತ್ ಅಂತಲೇ ಕರೆಯುತ್ತಿದ್ದರು. ಎಳೆ ಗಿಡ್ಡ. ಅವರ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಹೊಂದಿಸಿದ್ದು. ನೂಲು ಪದೇ ಪದೇ ಕಡಿಯುತ್ತಿತ್ತು. ಅವರದು ಮಾಡಿದಷ್ಟಕ್ಕೆ ಕೂಲಿ, ನೂಲು ಕಡಿದರೆ ಕೂಲಿಯೂ ಕಡಿತ. ಜೊತೆಗೆ ಮಣ್ಣು, ಕಲ್ಲು, ಹತ್ತಿಕಾಳು ಸೇರಿಸಿ ತೂಕ ಹೆಚ್ಚಿಸುವ ವ್ಯಾಪಾರಿಗಳು ಬೇರೆ. ಅದಕ್ಕೆಂದೇ ಮುಂಬಯಿ ಸರ್ಕಾರ 1863ರಲ್ಲಿ ಕಲಬೆರಕೆ ತಡೆಯುವ ಕಾನೂನು ಮಾಡಿತು. ನಮ್ಮ ಹೊಲದ ಅರಳೆ, ಅಲ್ಲಿಯ ತಾಯಂದಿರ ಕಣ್ಣೀರು. ಇಂಥ ಸಂಬಂಧ ಪಟ್ಟಿಯಲ್ಲಿ ಸಿಗುತ್ತದಾ ಹೇಳಿ?

ಬೆಲೆ ಏರಿತು. ಮುಂಬಯಿಗೆ ಹಣದ ಹೊಳೆ ಹರಿಯಿತು. ಶೇರಿನ ಹುಚ್ಚು ಹಿಡಿಯಿತು. ಹತ್ತಿ ಮತ್ತು ಶೇರಿನ ದೊಡ್ಡ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಹೆಸರು ಆಗಿನದೇ. 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಏರಿದ ಬೆಲೆ ನಂಬಿ ಸಾಲ ಮಾಡಿದ ರೈತನಿಗೆ ಸಾಲ ಉಳಿಯಿತು. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಸಾಲದ ಪತ್ರಗಳನ್ನು ಸುಟ್ಟರಲ್ಲ, ಅದರ ಬೇರು ಹುಡುಕುತ್ತಾ ಹೋದವರು ಈ ಹತ್ತಿಯ ಕಾಲಕ್ಕೂ ಬಂದು ಮುಟ್ಟುತ್ತಾರೆ.

ಸಮಯ ಓಡುತ್ತಿದೆ. ಆದರೂ ಕಾರವಾರದ ಮಾತು ಹೇಳದೆ ಬಿಡಲಾರೆ. ಆಗ ಕೆನರಾ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯಲ್ಲಿ. ಹತ್ತಿ ಒಂದು ಸರ್ಕಾರದ್ದು, ಬಂದರು ಇನ್ನೊಂದು ಸರ್ಕಾರದ್ದು. ರಸ್ತೆ ಯಾರು ಮಾಡಬೇಕು? ಮ್ಯಾಂಚೆಸ್ಟರಿನ ಹತ್ತಿಯ ಸಾಹುಕಾರರು ಒತ್ತಡ ಹಾಕಿದರು, ಧಾರವಾಡಕ್ಕೆ ಒಳ್ಳೆಯ ಬಂದರು ಬೇಕು ಅಂತ. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಸೇರಿತು, ಕಾರವಾರ ಜಿಲ್ಲೆಯ ಕೇಂದ್ರವಾಯಿತು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ನಮ್ಮ ಕರಾವಳಿ ಎರಡು ಹೋಳಾಗಿ 1956ರವರೆಗೆ ಉಳಿದ ಕಥೆಯಲ್ಲಿ ಅಮೆರಿಕದ ಹತ್ತಿ ಹೊಲಗಳಿವೆ.

ಈಗ ಪಟ್ಟಿಯ ಮೇ 7ಕ್ಕೆ ಬನ್ನಿ. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ. ಅವರ ನೌಕರಿ ಮುಂಬಯಿ ಪ್ರೆಸಿಡೆನ್ಸಿಯಲ್ಲಿ. ಕಾರವಾರ ಮುಂಬಯಿಗೆ ಸೇರಿದ್ದರಿಂದಲೇ ಅವರು ಅಲ್ಲಿಗೆ ನ್ಯಾಯಾಧೀಶರಾಗಿ ಬಂದರು. 1880ರ ದಶಕದ ಮೊದಲಲ್ಲಿ ತಮ್ಮನೂ ಬಂದು ಜೊತೆಗಿದ್ದರು. 'ಪ್ರಕೃತಿರ ಪ್ರತಿಶೋಧ' ನಾಟಕ ಬರೆದದ್ದು ಅಲ್ಲಿ. ಕಾರವಾರದ ಕಡಲತೀರಕ್ಕೆ ಇವತ್ತು ಅವರದೇ ಹೆಸರು. ಅಂದರೆ, 1861ರ ಏಪ್ರಿಲ್‌ನ ಸಾಲಿಗೂ ಮೇ ತಿಂಗಳ ಸಾಲಿಗೂ ನಡುವೆ ನಮ್ಮ ಕಾರವಾರ ನಿಂತಿದೆ!

ಇನ್ನು ಬೇಗ ಬೇಗ ಹೇಳುತ್ತೇನೆ. ಮಾರ್ಚ್‌ನಲ್ಲಿ ಭಾರತದ ಪೊಲೀಸ್ ಕಾಯ್ದೆ ಬಂತು. 1857 ನೋಡಿ ಹೆದರಿದ ಸರ್ಕಾರ ಜನರನ್ನು ಅಂಕೆಯಲ್ಲಿಡಲು ಮಾಡಿದ ಕಾಯ್ದೆ ಅದು. ಅದೇ ವರ್ಷ ಹೈಕೋರ್ಟ್ ಕಾಯ್ದೆ, ಕೌನ್ಸಿಲ್ ಕಾಯ್ದೆ. ಕನ್ನಿಂಗ್‌ಹ್ಯಾಮ್ ನೇತೃತ್ವದಲ್ಲಿ ಪುರಾತತ್ವ ಇಲಾಖೆ. ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ಮೇ 17ಕ್ಕೆ ಬಣ್ಣದ ಫೋಟೋ ತೋರಿಸಿದರು. ಜರ್ಮನಿಯಲ್ಲಿ ಸರೀಸೃಪಕ್ಕೂ ಹಕ್ಕಿಗೂ ನಡುವಿನಂಥ ಪ್ರಾಚೀನ ಜೀವಿ ಆರ್ಕಿಯಾಪ್ಟೆರಿಕ್ಸ್‌ನ ಗರಿಯ ಪಳೆಯುಳಿಕೆ ಸಿಕ್ಕಿತು, ಜೀವವಿಕಾಸದ ಬಗ್ಗೆ ಡಾರ್ವಿನ್ ಪುಸ್ತಕ ಬಂದು ಎರಡೇ ವರ್ಷಕ್ಕೆ. ಇದೊಂದೊಂದಕ್ಕೂ ಒಂದು ಸಂಜೆ ಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೊನೆಯ ಸಾಲು ಒಂದೇ: ಡಿಸೆಂಬರ್ 14, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡರು. ಪಟ್ಟಿಯಲ್ಲಿ ಇದು ಸುಮ್ನೆ ಅರಮನೆಯ ಸಾವು. ಮೇಲಿನ ಸಾಲು ನೋಡಿ. ನವೆಂಬರ್ 8ಕ್ಕೆ ಉತ್ತರದ ನೌಕೆಯೊಂದು ಬ್ರಿಟಿಷರ ಟ್ರೆಂಟ್ ಹಡಗನ್ನು ತಡೆದು ದಕ್ಷಿಣದ ಇಬ್ಬರು ದೂತರನ್ನು ಇಳಿಸಿಕೊಂಡಿತು. ಲಂಡನ್ ಕೆರಳಿತು. ಯುದ್ಧದ ಮಾತು, ಕೆನಡಾಕ್ಕೆ ಸೈನ್ಯ. ಅಮೆರಿಕಕ್ಕೆ ಕಳಿಸುವ ಖಡಕ್ ಪತ್ರ ಅರಮನೆಗೆ ಬಂತು. ಡಿಸೆಂಬರ್ 1ಕ್ಕೆ, ಜ್ವರದಲ್ಲಿ ನರಳುತ್ತಿದ್ದ ಆಲ್ಬರ್ಟ್ ಅದನ್ನು ತಿದ್ದಿ ಮೆತ್ತಗೆ ಮಾಡಿದರು, ಅಮೆರಿಕ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಬಿಟ್ಟರು. 1858ರಲ್ಲಿ ಅಟ್ಲಾಂಟಿಕ್ ಕೆಳಗೆ ಹಾಕಿದ್ದ ತಂತಿ ಕೆಟ್ಟುಹೋಗಿತ್ತು. ಪತ್ರ ಹಡಗಿನಲ್ಲೇ ಹೋಗಬೇಕಿತ್ತು. ಆ ತಡವೂ ಒಳ್ಳೆಯದೇ ಮಾಡಿತು, ಎರಡೂ ಕಡೆ ಸಿಟ್ಟು ಇಳಿಯಿತು. ಡಿಸೆಂಬರ್ ಕೊನೆಗೆ ಲಿಂಕನ್ ಸರ್ಕಾರ ಇಬ್ಬರನ್ನೂ ಬಿಡಲು ಒಪ್ಪಿತು. ಬ್ರಿಟನ್ ಯುದ್ಧಕ್ಕೆ ಇಳಿದಿದ್ದರೆ ಅದರ ನೌಕಾಪಡೆ ದಿಗ್ಬಂಧನ ಒಡೆಯುತ್ತಿತ್ತು, ಅಮೆರಿಕದ ಹತ್ತಿ ಲಿವರ್‌ಪೂಲಿಗೆ ಹರಿಯುತ್ತಿತ್ತು. ಧಾರವಾಡದ ಹತ್ತಿಯನ್ನು ಆಗ ಕೇಳುವವರು ಯಾರು? ಮನ್ರೋ ಕೋಟೆಗೆ ಬಂದವರ ಗತಿ ಏನು?

ನನ್ನ ಮಾತು ಮುಗಿಯಿತು. ಇನ್ನು ಪ್ರಶ್ನೆಗಳು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಘಟ್ಟ ಇಳಿದು ಹತ್ತಿಯ ಗಾಡಿ ಹೊಡೆದ ಹಿರಿಯರ ಸುದ್ದಿ ಇದ್ದರೆ, ಮೊದಲು ನೀವು ಮಾತಾಡಿ. ಮೈಕ್ ಹಿಂದಿನ ಸಾಲಿಗೆ ಕೊಡಿ.